ಅಪ್ಪನ ಬೀರುವಿನ ಕಾಗದಗಳು, ಮನೆಯ ಫೋಟೋಗಳು: ಡ್ರೈವ್‌ನಲ್ಲೂ ಹಾರ್ಡ್ ಡಿಸ್ಕ್‌ನಲ್ಲೂ ಭದ್ರವಾಗಿ ಇಡುವುದು ಹೇಗೆ?

ಸಾಗರದ_ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನಮ್ಮೂರು ಸಾಗರದ ಹತ್ತಿರ. ಮಳೆಗಾಲದಲ್ಲಿ ಅಲ್ಲಿ ಗೋಡೆಯೇ ಬೆವರುತ್ತದೆ. ಈ ಸಲ ಊರಿಗೆ ಹೋದಾಗ ಅಪ್ಪನ ಬೀರು ತೆಗೆದರೆ ಕಾಗದಗಳಿಗೆಲ್ಲ ಬೂಸ್ಟು ಹಿಡಿದಿತ್ತು. ಅಜ್ಜನ ಕಾಲದ ಪಾಲುಪಟ್ಟಿ, ತೋಟದ ಕ್ರಯಪತ್ರ, ನಮ್ಮ ಮಾರ್ಕ್ಸ್ ಕಾರ್ಡ್, ಬ್ಯಾಂಕಿನ ಬಾಂಡ್, ಎಲ್ಲವೂ ಒಂದೇ ಪ್ಲಾಸ್ಟಿಕ್ ಕವರ್‌ನಲ್ಲಿ. ನಾಲ್ಕು ದಿನ ಕೂತು ಎಲ್ಲವನ್ನೂ ಸ್ಕ್ಯಾನ್ ಮಾಡಿದೆ. ಜೊತೆಗೆ ಹಳೇ ಆಲ್ಬಮ್‌ಗಳು, ಅಕ್ಕನ ಮದುವೆಯ ವಿಡಿಯೋ, ಅಜ್ಜಿ ಹಾಡಿದ ಹಸೆಹಾಡುಗಳ ಕ್ಯಾಸೆಟ್ಟಿನಿಂದ ತೆಗೆಸಿದ ಆಡಿಯೋ ಕೂಡ ಇದೆ. ಒಟ್ಟು 190 ಜಿಬಿ. ಕಾಗದಗಳು 2 ಜಿಬಿಯೂ ಇಲ್ಲ, ಉಳಿದದ್ದೆಲ್ಲ ಫೋಟೋ, ವಿಡಿಯೋ.

ಕಾಗದಗಳ ಫೋಲ್ಡರನ್ನು ಗೂಗಲ್ ಡ್ರೈವ್‌ಗೆ ಹಾಕಿದ್ದೇನೆ. ಅಕ್ಕ ಮೆಲ್ಬರ್ನ್‌ನಲ್ಲಿದ್ದಾಳೆ, ಅವಳಿಗೂ ಬೇಕಿತ್ತು. ಊರಿನ ವಕೀಲರಿಗೂ ಕ್ರಯಪತ್ರ ಬೇಕಿತ್ತು. ಹಾಗಾಗಿ ಲಿಂಕ್ ಮಾಡಿ ಇಬ್ಬರಿಗೂ ವಾಟ್ಸಾಪ್‌ನಲ್ಲಿ ಕಳಿಸಿದೆ. ಪೂರ್ತಿ 190 ಜಿಬಿಯನ್ನು 1 ಟಿಬಿ ಹಾರ್ಡ್ ಡಿಸ್ಕ್‌ಗೆ ಹಾಕಿ ಬೆಂಗಳೂರಿಗೆ ತಂದಿದ್ದೇನೆ. ಅದು ಬ್ಯಾಗ್‌ನಲ್ಲೇ ಇರುತ್ತದೆ, ದಿನಾ ಮೆಟ್ರೋದಲ್ಲಿ ಓಡಾಡುತ್ತೇನೆ.

ಮೊನ್ನೆ ಆಫೀಸಿನಲ್ಲಿ ಒಬ್ಬರ ಬ್ಯಾಗ್ ಬಸ್ಸಿನಲ್ಲಿ ಕಳೆದುಹೋಯಿತು. ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ನನ್ನ ಡಿಸ್ಕ್ ಯಾರಿಗಾದರೂ ಸಿಕ್ಕರೆ ನಮ್ಮ ಮನೆಯ ಜಾತಕವೆಲ್ಲ ಅವರ ಕೈಯಲ್ಲಿ. ಆಧಾರ್, ಪಾನ್, ಸಹಿ, ಆಸ್ತಿ ವಿವರ, ಎಲ್ಲ. ಡಿಸ್ಕ್‌ಗೆ ಬೀಗ ಹಾಕುವುದು ಹೇಗೆ? ಡ್ರೈವ್‌ನಲ್ಲಿ ಇಟ್ಟಿರುವುದು ಸರಿಯಾ? ನನ್ನದು ವಿಂಡೋಸ್ 11 ಹೋಮ್. ನಾಳೆ ನಾನು ಇಲ್ಲದಿದ್ದರೂ ಅಮ್ಮ, ಅಕ್ಕ ತೆರೆಯುವ ಹಾಗಿರಬೇಕು.

ಬೀಗದಕೈ:

ಡಿಸ್ಕ್ ವಿಷಯ ಆಮೇಲೆ. ಮೊದಲು ಆ ಲಿಂಕ್ ನೋಡಿ. ಇದನ್ನು ಓದುತ್ತಿರುವಾಗಲೇ ಡ್ರೈವ್ ತೆರೆದು ಆ ಫೋಲ್ಡರಿನ 'ಶೇರ್' ಒತ್ತಿ. ಅಲ್ಲಿ 'ಎನಿವನ್ ವಿತ್ ದ ಲಿಂಕ್' ಅಂತ ಇದ್ದರೆ ಆ ಲಿಂಕ್ ಯಾರ ಕೈಗೆ ಹೋದರೂ ಫೋಲ್ಡರ್ ತೆರೆಯುತ್ತದೆ, ಪಾಸ್‌ವರ್ಡ್ ಬೇಡ, ಏನೂ ಬೇಡ. ವಕೀಲರು ಅದನ್ನು ಗುಮಾಸ್ತರಿಗೆ ಕಳಿಸಿರುತ್ತಾರೆ, ಗುಮಾಸ್ತರು ಪ್ರಿಂಟ್ ತೆಗೆಸಲು ಅಂಗಡಿಗೆ ಕಳಿಸಿರುತ್ತಾರೆ. ಯಾರದೂ ಕೆಟ್ಟ ಉದ್ದೇಶ ಇರಬೇಕಾಗಿಲ್ಲ. ಅದನ್ನು 'ರಿಸ್ಟ್ರಿಕ್ಟೆಡ್' ಮಾಡಿ, ಅಕ್ಕನ ಇಮೇಲ್ ವಿಳಾಸ ಮಾತ್ರ ಸೇರಿಸಿ. ವಕೀಲರಿಗೆ ಇಡೀ ಫೋಲ್ಡರ್ ಯಾಕೆ? ಆ ಒಂದು ಕ್ರಯಪತ್ರ ಸಾಕು, ಕೆಲಸ ಮುಗಿದ ಮೇಲೆ ಅದನ್ನೂ ತೆಗೆದುಬಿಡಿ.

ನಾನು ಹನ್ನೊಂದು ವರ್ಷದಿಂದ ಕಂಪ್ಯೂಟರ್ ಭದ್ರತೆಯ ಕೆಲಸದಲ್ಲಿದ್ದೇನೆ. ಮನೆಮಂದಿಯ ಫೈಲುಗಳು ಹೊರಗೆ ಹೋದದ್ದನ್ನು ನಾನು ನೋಡಿರುವ ಕಡೆಯಲ್ಲೆಲ್ಲ ಹ್ಯಾಕರ್ ಅಂತ ಯಾರೂ ಇರಲಿಲ್ಲ. ಹೀಗೆ ಬಿಟ್ಟ ಲಿಂಕ್, ಇಲ್ಲವೇ ಎಲ್ಲ ಕಡೆ ಬಳಸಿದ ಒಂದೇ ಪಾಸ್‌ವರ್ಡ್. ಇದು ನಮ್ಮಂಥವರ ತಪ್ಪು ಮಾತ್ರ ಅಲ್ಲ. ಗೂಗಲ್ ಡ್ರೈವ್‌ನಂಥದೇ ಸೇವೆಯಾದ ಡ್ರಾಪ್‌ಬಾಕ್ಸ್‌ನಿಂದ 2012ರಲ್ಲಿ ಸೋರಿದ 6.8 ಕೋಟಿಗೂ ಹೆಚ್ಚು ಖಾತೆಗಳ ವಿವರ 2016ರಲ್ಲಿ ಹೊರಬಂತು. ಅಲ್ಲಿನ ನೌಕರರೊಬ್ಬರು ಬೇರೆ ಸೈಟಿನ ಪಾಸ್‌ವರ್ಡನ್ನೇ ಕೆಲಸದಲ್ಲೂ ಬಳಸಿದ್ದು ಅದಕ್ಕೆ ದಾರಿಯಾಯಿತು.

ಹಾಗಾಗಿ ಗೂಗಲ್ ಖಾತೆಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಎರಡು ಹಂತದ ಪರಿಶೀಲನೆ ಹಾಕಿ, ಅದೂ ಎಸ್‌ಎಂಎಸ್ ಬದಲು ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್, ಇಲ್ಲವೇ ಫೋನಿನ ಬೆರಳಚ್ಚು, ಪಿನ್‌ನಿಂದಲೇ ಒಳಗೆ ಬಿಡುವ ಪಾಸ್‌ಕೀ ಆದರೆ ಒಳ್ಳೆಯದು. ಸಿಮ್ಮನ್ನೇ ನಕಲು ಮಾಡಿಸಿಕೊಂಡು ಒಟಿಪಿ ಹೊಡೆಯುವವರು ಇದ್ದಾರೆ. ಎರಡು ಹಂತ ಹಾಕಿದ ಮೇಲೆ ಗೂಗಲ್‌ನಿಂದ 8 ಅಂಕಿಯ 10 ಬ್ಯಾಕಪ್ ಕೋಡ್ ಪಡೆಯಬಹುದು, ಅದನ್ನು ಪ್ರಿಂಟ್ ತೆಗೆದಿಡಿ. ಫೋನ್ ಕಳೆದ ದಿನ ಅದೇ ಕೈಹಿಡಿಯುವುದು.

ಇನ್ನು ಡ್ರೈವ್ ಸರಿಯಾ ಅಂದರೆ, ಗೂಗಲ್ ನಿಮ್ಮ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಬೀಗ ಹಾಕಿಯೇ ಇಡುತ್ತದೆ. ಆದರೆ ಆ ಬೀಗದ ಕೀಲಿ ಅವರ ಹತ್ತಿರವೇ ಇರುತ್ತದೆ, ಮತ್ತು ನಿಮ್ಮ ಖಾತೆಗೆ ನುಗ್ಗಿದವರಿಗೆ ಬಾಗಿಲು ತಾನಾಗಿಯೇ ತೆರೆಯುತ್ತದೆ. ಕೀಲಿ ನಿಮ್ಮ ಹತ್ತಿರ ಮಾತ್ರ ಇರಬೇಕಾದರೆ ಡ್ರೈವ್‌ಗೆ ಹಾಕುವ ಮೊದಲೇ ಬೀಗ ಹಾಕಬೇಕು. ಅದಕ್ಕೆ ನಾನು ಕ್ರಿಪ್ಟೊಮೇಟರ್ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ. ಡ್ರೈವ್‌ನ ಫೋಲ್ಡರ್ ಒಳಗೆ ಅದು ಒಂದು ತಿಜೋರಿ ಮಾಡುತ್ತದೆ. ಪಾಸ್‌ವರ್ಡ್ ಹಾಕಿದರೆ ನಿಮ್ಮ ಕಂಪ್ಯೂಟರಿನಲ್ಲಿ ಹೊಸ ಡ್ರೈವ್ ಹಾಗೆ ಕಾಣುತ್ತದೆ, ಫೈಲು ಎಳೆದು ಹಾಕಿದರೆ ಆಯಿತು. ಮೇಲೆ ಹೋಗುವುದು ಅರ್ಥವಾಗದ ಅಕ್ಷರಗಳ ಫೈಲುಗಳು ಮಾತ್ರ, ಹೆಸರು ಕೂಡ ಗೊತ್ತಾಗುವುದಿಲ್ಲ. ಕಂಪ್ಯೂಟರಿನಲ್ಲಿ ಉಚಿತ, ಫೋನಿನ ಆ್ಯಪ್‌ಗೆ ಒಂದು ಸಲ ದುಡ್ಡು ಕೊಡಬೇಕು.

ಇನ್ನೊಂದು ಮಾತು. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಧೈರ್ಯವಾಗಿ ಇರಬೇಡಿ. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಇಡೀ ದೇಶಕ್ಕೆ ಗೊತ್ತಿರುವ ಸೂತ್ರ ಅದು. ಯಾರಿಗಾದರೂ ಕಳಿಸುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಕಳಿಸಿ.

ಕುಂದಾಪ್ರ_ರಿಪೇರಿ:

ಹಾರ್ಡ್ ಡಿಸ್ಕ್ ವಿಷಯ ನಾನು ಹೇಳುತ್ತೇನೆ, ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ.

ಮೊದಲು ಅದನ್ನು ಬ್ಯಾಗ್‌ನಿಂದ ತೆಗೆಯಿರಿ ಮಾರಾಯ್ರೆ. ತಿರುಗುವ ಡಿಸ್ಕ್ ಅದು, ದಿನಾ ಎತ್ತಿ ಕುಕ್ಕಿದರೆ ಬಾಳುವುದಿಲ್ಲ. ಕಳ್ಳ ಬರುವುದಕ್ಕಿಂತ ಮೊದಲು ಅದೇ ಹೋಗಿರುತ್ತದೆ. ನನ್ನ ಅಂಗಡಿಗೆ ಬರುವ ಸತ್ತ ಡಿಸ್ಕ್‌ಗಳಲ್ಲಿ ಮುಕ್ಕಾಲು ಪಾಲು ಮೇಜಿನಿಂದ ಬಿದ್ದದ್ದು. ಕರಾವಳಿ, ಮಲೆನಾಡು ಅಂದರೆ ತೇವವೂ ಸೇರುತ್ತದೆ. ಗಾಳಿಯಾಡದ ಡಬ್ಬದಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಮಳೆಗಾಲ ಶುರುವಾಗುವ ಮೊದಲು ಪೊಟ್ಟಣ ಬದಲಿಸಿ. ಗುಡುಗು ಸಿಡಿಲು ಇರುವಾಗ ಯಾವ ಕಾರಣಕ್ಕೂ ಕಂಪ್ಯೂಟರಿಗೆ ಚುಚ್ಚಿ ಇಡಬೇಡಿ.

ಬೀಗದ ವಿಷಯ. ವಿಂಡೋಸ್ ಹೋಮ್‌ನಲ್ಲಿ ಹೊರಗಿನ ಡಿಸ್ಕ್‌ಗೆ ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್ ಹಾಕಲು ಬರುವುದಿಲ್ಲ, ಅದಕ್ಕೆ ವಿಂಡೋಸ್ ಪ್ರೊ ಬೇಕು. ಪ್ರೊದಲ್ಲಿ ಬೀಗ ಹಾಕಿದ್ದನ್ನು ಹೋಮ್‌ನಲ್ಲಿ ತೆರೆಯಬಹುದು, ಅಷ್ಟೆ. ಹಾಗಾಗಿ ನಿಮಗೆ ವೆರಾಕ್ರಿಪ್ಟ್ ಎಂಬ ಬೀಗದ ಸಾಫ್ಟ್‌ವೇರ್ ಒಳ್ಳೆಯದು. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೊದಲು ಟ್ರೂಕ್ರಿಪ್ಟ್ ಅಂತ ಒಂದಿತ್ತು, 2014ರಲ್ಲಿ ಅದನ್ನು ಮಾಡುವವರು ನಿಲ್ಲಿಸಿಬಿಟ್ಟರು. ಅದರ ಮೇಲೆಯೇ ಕಟ್ಟಿದ್ದು ಇದು. ಯಾರಾದರೂ ಹಳೇ ಟ್ರೂಕ್ರಿಪ್ಟ್ ಹಾಕಿಕೊಳ್ಳಿ ಎಂದರೆ ಬೇಡ ಅನ್ನಿ.

ಈಗ ಮುಖ್ಯ ವಿಷಯ, ಇದನ್ನು ಸರಿಯಾಗಿ ಓದಿ. ವೆರಾಕ್ರಿಪ್ಟ್‌ನಲ್ಲಿ ಇಡೀ ಡಿಸ್ಕ್‌ಗೆ ಬೀಗ ಹಾಕಬಹುದು, ಇಲ್ಲವೇ ಡಿಸ್ಕ್ ಒಳಗೆ ಒಂದು ದೊಡ್ಡ ಫೈಲ್ ಮಾಡಿ ಅದನ್ನೇ ಪೆಟ್ಟಿಗೆಯ ಹಾಗೆ ಬಳಸಬಹುದು. ಮನೆಯವರೂ ಬಳಸುವ ಡಿಸ್ಕ್ ಆದರೆ ಇಡೀ ಡಿಸ್ಕ್‌ಗೆ ಹಾಕಲೇಬೇಡಿ. ಯಾಕೆಂದರೆ ಹಾಗೆ ಬೀಗ ಹಾಕಿದ ಡಿಸ್ಕ್ ಚುಚ್ಚಿದ ಕೂಡಲೇ ಅದರಲ್ಲಿ ಏನಿದೆ ಎಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ, 'ಇದನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ?' ಎಂದು ಕೇಳುತ್ತದೆ. ಎರಡು ವರ್ಷದ ಹಿಂದೆ ನಮ್ಮ ಮಾವ ಹೀಗೆಯೇ ಹೂಂ ಎಂದು ಒತ್ತಿಬಿಟ್ಟರು. ಅವರದ್ದೇನೂ ತಪ್ಪಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟರು ಅಷ್ಟೆ. ಬೀಗ ಹಾಕಿಕೊಟ್ಟವನು ನಾನು, ಹೇಳಿಕೊಡದೇ ಇದ್ದವನೂ ನಾನೇ. ಸ್ವಲ್ಪ ಫೈಲು ಹಿಂದೆ ಬಂತು, ಮಗಳ ನಾಮಕರಣದ ಫೋಟೋಗಳು ಬರಲಿಲ್ಲ. ಈಗಲೂ ಅವರ ಮನೆಗೆ ಹೋದರೆ ನೆನಪಾಗುತ್ತದೆ.

ಆದ್ದರಿಂದ ಪೆಟ್ಟಿಗೆ ಫೈಲು ಮಾಡಿ. ಡಿಸ್ಕ್‌ನ ಫಾರ್ಮ್ಯಾಟ್ (ಫೈಲು ಜೋಡಿಸಿಡುವ ಪದ್ಧತಿ) ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ, ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ಮೊದಲು ಪೆಟ್ಟಿಗೆ ಮುಚ್ಚಿ, ಆಮೇಲೆ 'ಇಜೆಕ್ಟ್' ಮಾಡಿ ಡಿಸ್ಕ್ ಕೀಳಬೇಕು. ಈ ಪೆಟ್ಟಿಗೆಯನ್ನು ಗೂಗಲ್ ಡ್ರೈವ್‌ನಂಥ ಕ್ಲೌಡ್‌ನಲ್ಲಿ ಇಡಬೇಡಿ. ಒಳಗೆ ಬದಲಾಯಿಸಿದರೂ ಹೊರಗಿನ ಫೈಲಿನ ದಿನಾಂಕವನ್ನು ಅದು ಬದಲಿಸದೇ ಇಡುತ್ತದೆ, ಸಿಂಕ್ ಮಾಡುವ (ಕಂಪ್ಯೂಟರನ್ನೂ ಕ್ಲೌಡನ್ನೂ ಒಂದೇ ಹಾಗೆ ಇಡುವ) ಆ್ಯಪ್‌ಗೆ ಬದಲಾದದ್ದೇ ಗೊತ್ತಾಗದೆ ಹೋಗಬಹುದು. ಕ್ಲೌಡ್‌ಗೆ ಮೇಲಿನವರು ಹೇಳಿದ ಕ್ರಿಪ್ಟೊಮೇಟರ್ ಸರಿ.

ಡಿಸ್ಕ್ ಒಂದೇ ಇದ್ದರೆ ಅದು ಬ್ಯಾಕಪ್ ಅಲ್ಲ. ಇನ್ನೊಂದು ತೆಗೆದುಕೊಳ್ಳಿ.

ತುಂಗೆಯ_ದಡ:

ಬೀಗದ ಬಗ್ಗೆ ಮೇಲಿನ ಇಬ್ಬರೂ ಹೇಳಿದ್ದು ಸರಿ. ನಾನು ಬೇರೆ ಕಡೆಯಿಂದ ಹೇಳಬೇಕು. ಎಲ್ಲಕ್ಕೂ ಬೀಗ ಹಾಕಬೇಡಿ.

ನಮ್ಮ ತಂದೆ ತೀರಿಕೊಂಡು ಮೂರು ವರ್ಷವಾಯಿತು. ಅವರು ತುಂಬಾ ಅಚ್ಚುಕಟ್ಟು. ಲ್ಯಾಪ್‌ಟಾಪ್‌ಗೆ ಬೀಗ ಹಾಕಿದ್ದರು, ಪಾಸ್‌ವರ್ಡ್ ಯಾರಿಗೂ ಹೇಳಿರಲಿಲ್ಲ, ಹೇಳಬಾರದು ಎಂದು ಬ್ಯಾಂಕಿನವರೂ ಪೇಪರಿನವರೂ ಹೇಳುತ್ತಲೇ ಇರುತ್ತಾರಲ್ಲ. ಅವರು ಹೋದ ಮೇಲೆ ತೆರೆಯಲು ನೋಡಿದೆವು. 48 ಅಂಕಿಯ ರಿಕವರಿ ಕೀ ಕೇಳಿತು. ಅದು ಅವರ ಇಮೇಲ್ ಖಾತೆಯಲ್ಲಿತ್ತು. ಖಾತೆ ತೆರೆಯಲು ಒಟಿಪಿ ಬೇಕು, ಒಟಿಪಿ ಅವರ ನಂಬರಿಗೆ ಹೋಗುತ್ತದೆ, ಆ ನಂಬರನ್ನು ಅಷ್ಟರಲ್ಲಿ ನಾವೇ ನಿಲ್ಲಿಸಿದ್ದೆವು. ಆರು ವರ್ಷ ಅವರು ತೆಗೆದ ಫೋಟೋಗಳು ಅದರೊಳಗೇ ಇವೆ. ಲ್ಯಾಪ್‌ಟಾಪ್ ಈಗಲೂ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಅಮ್ಮ ವರ್ಷಕ್ಕೊಮ್ಮೆ ಕೇಳುತ್ತಾರೆ, ಈಗೇನಾದರೂ ಆಗುತ್ತದಾ ಎಂದು.

ಅಲ್ಲಿಂದ ನನಗೆ ಒಂದು ವಿಷಯ ಅರ್ಥವಾಗಿದೆ. ನಿಮ್ಮ ಹತ್ತಿರ ಇರುವುದು ಎರಡು ಬೇರೆ ಬೇರೆ ಜಾತಿಯ ಫೈಲು, ಎರಡಕ್ಕೂ ಒಂದೇ ಭಯ ಅಲ್ಲ. ಕಾಗದಗಳ ಸ್ಕ್ಯಾನ್ ಕಳೆದರೆ ಮತ್ತೆ ಸಿಗುತ್ತವೆ. ಕ್ರಯಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ, ಇಸಿಗೆ (ಋಣಭಾರ ಪತ್ರಕ್ಕೆ) ಕಾವೇರಿ ಆನ್‌ಲೈನ್ ಇದೆ, ಪಹಣಿಯನ್ನು 'ಭೂಮಿ' ವೆಬ್‌ಸೈಟಿನಿಂದ ಇಳಿಸಿಕೊಳ್ಳಬಹುದು, ಡಿಎಲ್, ಆರ್‌ಸಿ ಡಿಜಿಲಾಕರ್‌ನಲ್ಲಿ ಇವೆ. ಅವು ಬೇರೆಯವರ ಕೈಗೆ ಸಿಗುವುದೇ ಅಪಾಯ. ಅಜ್ಜಿಯ ಹಾಡಿಗೆ ಅದು ತಿರುಗುಮುರುಗು. ಯಾರೋ ಕೇಳಿಸಿಕೊಂಡರೆ ನಷ್ಟವೇನೂ ಇಲ್ಲ. ಆದರೆ ಕಳೆದರೆ ಯಾವ ಕಚೇರಿಯಲ್ಲೂ ಅದರ ನಕಲು ಸಿಗುವುದಿಲ್ಲ. ಅದಕ್ಕೆ ಗಟ್ಟಿ ಬೀಗ ಹಾಕಿ ಕೀಲಿ ಕಳೆದುಕೊಂಡರೆ ನಾವೇ ಅದನ್ನು ಹೂತ ಹಾಗೆ.

ನಾನಾಗಿದ್ದರೆ ಆ 2 ಜಿಬಿ ಕಾಗದಕ್ಕೆ ಮಾತ್ರ ಬೀಗ ಹಾಕುತ್ತೇನೆ. ಫೋಟೋ, ಹಾಡು, ವಿಡಿಯೋವನ್ನು ಬೀಗವಿಲ್ಲದೆ ಎರಡು ಡಿಸ್ಕ್‌ಗೆ ಹಾಕಿ ಒಂದು ಊರಲ್ಲಿ, ಒಂದು ನಿಮ್ಮ ಮನೆಯಲ್ಲಿ ಇಡುತ್ತೇನೆ. ಪಾಸ್‌ವರ್ಡ್‌ಗಳನ್ನು ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿ ಅಮ್ಮನ ಕೈಗೆ ಕೊಡಿ. ಕಾಗದದಲ್ಲಿ ಬರೆಯಬಾರದು ಎನ್ನುತ್ತಾರೆ. ಮಾನಿಟರಿಗೆ ಅಂಟಿಸಬಾರದು ಸರಿ, ಆದರೆ ಬಂಗಾರ ಇಡುವ ಜಾಗದಲ್ಲಿ ಇಟ್ಟರೆ ಏನು ತೊಂದರೆ?

ಗೂಗಲ್ ಖಾತೆಯಲ್ಲಿ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಎಂದು ಇದೆ. 3 ತಿಂಗಳಿಂದ 18 ತಿಂಗಳವರೆಗೆ ನೀವು ಹೇಳಿದಷ್ಟು ಕಾಲ ಖಾತೆ ಸುಮ್ಮನಿದ್ದರೆ, ನೀವು ಆರಿಸಿದವರಿಗೆ ತಿಳಿಸಿ ಫೈಲುಗಳನ್ನು ಇಳಿಸಿಕೊಳ್ಳಲು ಬಿಡುತ್ತದೆ. ಇವತ್ತೇ ಅಕ್ಕನ ಹೆಸರು ಹಾಕಿ. ಎರಡು ವರ್ಷ ಯಾರೂ ಮುಟ್ಟದ ಖಾತೆಗಳನ್ನು 2023ರ ಡಿಸೆಂಬರ್‌ನಿಂದ ಗೂಗಲ್ ಅಳಿಸುತ್ತಿದೆ, ಅದೂ ನೆನಪಿರಲಿ.

ಹಾಸನ_ಜೆರಾಕ್ಸ್:

ನಾನು ಒಂಬತ್ತು ವರ್ಷ ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನಡೆಸಿದವನು. ಒಂದು ಮಾತು ಸೇರಿಸುತ್ತೇನೆ. ಜನ ಮನೆಯಲ್ಲಿ ಎಷ್ಟು ಬೀಗ ಹಾಕಿದರೂ ಅಂಗಡಿಗೆ ಬಂದಾಗ ಎಲ್ಲ ಬಿಚ್ಚಿಡುತ್ತಾರೆ. ಪೆನ್ ಡ್ರೈವ್ ಕೊಡುತ್ತಾರೆ, ಅದರಲ್ಲಿ ಬೇಕಾದ ಒಂದು ಪುಟದ ಜೊತೆ ಮನೆಯ ಎಲ್ಲ ದಾಖಲೆಯೂ ಇರುತ್ತದೆ. ವಾಟ್ಸಾಪ್ ವೆಬ್ ತೆರೆದು ಲಾಗೌಟ್ ಮಾಡದೇ ಹೋಗುತ್ತಾರೆ. ದಿನದ ಕೊನೆಗೆ ಡೌನ್‌ಲೋಡ್ ಫೋಲ್ಡರಿನಲ್ಲಿ ನೂರಾರು ಜನರ ಆಧಾರ್, ಪಾಸ್‌ಬುಕ್ಕು ಬಿದ್ದಿರುತ್ತಿದ್ದವು. ನಾನು ರಾತ್ರಿ ಬಾಗಿಲು ಹಾಕುವ ಮೊದಲು ಎಲ್ಲ ಅಳಿಸುತ್ತಿದ್ದೆ, ಎಲ್ಲರೂ ಅಳಿಸುತ್ತಾರೆ ಅಂತ ಹೇಳಲಾರೆ. ಪ್ರಿಂಟ್‌ಗೆ ಹೋಗುವಾಗ ಖಾಲಿ ಪೆನ್ ಡ್ರೈವ್‌ನಲ್ಲಿ ಆ ಒಂದೇ ಫೈಲ್ ಒಯ್ಯಿರಿ. ಮುಗಿದ ಮೇಲೆ 'ಅಳಿಸಿ, ರಿಸೈಕಲ್ ಬಿನ್‌ನಿಂದಲೂ ತೆಗೆಯಿರಿ' ಎಂದು ಎದುರಿಗೇ ನಿಂತು ಕೇಳಿ. ನಾಚಿಕೆ ಬೇಡ, ನಮಗೆ ಅದರಿಂದ ಬೇಜಾರಾಗುವುದಿಲ್ಲ.

ಆ ಪೆನ್ ಡ್ರೈವನ್ನು ಮನೆಗೆ ತಂದು ನೇರ ನಿಮ್ಮ ಡಿಸ್ಕ್ ಇರುವ ಕಂಪ್ಯೂಟರಿಗೆ ಚುಚ್ಚಬೇಡಿ, ಅಂಗಡಿಯ ವೈರಸ್ ಅದರ ಜೊತೆ ಬಂದಿರಬಹುದು. 2017ರ ಮೇನಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಎಂಬ ವೈರಸ್ ನೆಟ್‌ವರ್ಕ್ ಮೂಲಕ ಹರಡಿ ಬಂದಾಗ ಕಂಪ್ಯೂಟರಿನ ಫೈಲುಗಳ ಜೊತೆ ಅದಕ್ಕೆ ಚುಚ್ಚಿದ್ದ ಡಿಸ್ಕ್‌ಗಳೂ ಹೋದವು. ಸಿಂಕ್ ಎಂದರೆ ಬ್ಯಾಕಪ್ ಅಲ್ಲ, ಇದು ತುಂಬ ಜನರಿಗೆ ಗೊತ್ತಿಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಹಾಗಾಗಿ ಒಂದು ಪ್ರತಿ ಯಾವುದಕ್ಕೂ ಚುಚ್ಚದೆ ಬೇರೆಯೇ ಕೂತಿರಬೇಕು.

ಹಳೇ ಡಿಸ್ಕ್ ಮಾರುವವರಿಗೂ ಹೇಳಿಬಿಡುತ್ತೇನೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲು ಹೋಗುವುದಿಲ್ಲ, ಹಿಂದೆ ತೆಗೆಯಬಹುದು. ಆ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ, ಗಂಟೆಗಟ್ಟಲೆ ಹಿಡಿಯುತ್ತದೆ, ಆದರೆ ಮೇಲೆಲ್ಲ ಸೊನ್ನೆ ಬರೆಯುತ್ತದೆ. ಪೆನ್ ಡ್ರೈವ್, ಎಸ್‌ಎಸ್‌ಡಿಗಳಲ್ಲಿ (ತಿರುಗುವ ಭಾಗವಿಲ್ಲದ ಡಿಸ್ಕ್) ಅದನ್ನೂ ನಂಬಲು ಬರುವುದಿಲ್ಲ, ಮಾರುವ ಬದಲು ಒಡೆದು ಹಾಕಿ.

ಸಾಗರದ_ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತುಂಗೆಯ ದಡ ಅವರೇ, ನಿಮ್ಮ ತಂದೆಯವರ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಅಮ್ಮನಿಗೂ ಓದಿ ಹೇಳಿದೆ.

ಲಿಂಕ್ ನೋಡಿದೆ. ಬೀಗದಕೈ ಅವರು ಹೇಳಿದ ಹಾಗೆಯೇ ಎಲ್ಲರಿಗೂ ತೆರೆದಿತ್ತು, ಮೂರು ವಾರದಿಂದ. ಮುಚ್ಚಿದೆ. ಎರಡು ಹಂತದ ಪರಿಶೀಲನೆ ಹಾಕಿದೆ, ಅಕ್ಕನ ಹೆಸರೂ ಸೇರಿಸಿದೆ. ನಿನ್ನೆ ಇನ್ನೊಂದು ಡಿಸ್ಕ್ ತಂದು ಎರಡಕ್ಕೂ ಫೋಟೋ, ಹಾಡುಗಳನ್ನು ಬೀಗವಿಲ್ಲದೆ ಹಾಕಿದ್ದೇನೆ, ಕಾಗದಗಳಿಗೆ ಮಾತ್ರ 5 ಜಿಬಿಯ ವೆರಾಕ್ರಿಪ್ಟ್ ಪೆಟ್ಟಿಗೆ. ಡ್ರೈವ್‌ನಲ್ಲಿ ಕ್ರಿಪ್ಟೊಮೇಟರ್ ತಿಜೋರಿ ಮಾಡಿ ಕಾಗದಗಳನ್ನು ಅದರೊಳಗೆ ಹಾಕಿದೆ, ಮೊದಲಿನ ಬರಿಯ ಫೋಲ್ಡರನ್ನು ಅಳಿಸಿ ಕಸದಬುಟ್ಟಿಯನ್ನೂ ಖಾಲಿ ಮಾಡಿದೆ.

ಪಾಸ್‌ವರ್ಡ್ ಹೇಗಿರಬೇಕು? ಕನ್ನಡ ಗಾದೆ ಒಂದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಾಕಾ?

ಬೀಗದಕೈ:

ಗಾದೆ ಬೇಡ, ಹಾಡಿನ ಸಾಲೂ ಬೇಡ. ಎಲ್ಲರ ಬಾಯಲ್ಲಿ ಇರುವುದನ್ನು ಊಹಿಸಬಹುದು. ಒಂದಕ್ಕೊಂದು ಸಂಬಂಧ ಇಲ್ಲದ ಐದಾರು ಪದ ತೆಗೆದುಕೊಳ್ಳಿ. ಒನಕೆ, ರೈಲು, ಹಾಗಲಕಾಯಿ, ಬುಧವಾರ, ಸೇತುವೆ, ಈ ತರಹ. ಇದನ್ನೇ ಇಡಬೇಡಿ, ಇಲ್ಲಿ ಬರೆದಾಯಿತು. ಡಿಸ್ಕ್‌ನ ಪೆಟ್ಟಿಗೆಗೆ ಒಂದು, ಡ್ರೈವ್‌ನ ತಿಜೋರಿಗೆ ಬೇರೆ.

ನೀವು ಕೇಳಿದ್ದರಲ್ಲಿ ಇನ್ನೊಂದು ತೊಡಕಿದೆ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ನೀವು ಒಂದು ತರಹ ಬರೆಯುತ್ತೀರಿ, ನಿಮ್ಮ ಅಕ್ಕ ಇನ್ನೊಂದು ತರಹ. 'ತೋಟ'ದಲ್ಲಿ ಟಿ ಮುಂದೆ ಎಚ್ ಇದೆಯಾ, 'ಹಾಗಲ'ದಲ್ಲಿ ಎ ಒಂದಾ ಎರಡಾ? ಎರಡು ವರ್ಷ ಬಿಟ್ಟರೆ ನಿಮಗೇ ನೆನಪಿರುವುದಿಲ್ಲ. ಒಂದು ಅಕ್ಷರ ತಪ್ಪಿದರೂ ತೆರೆಯುವುದಿಲ್ಲ, ವೆರಾಕ್ರಿಪ್ಟ್‌ನಲ್ಲಿ 'ಪಾಸ್‌ವರ್ಡ್ ಮರೆತೆ' ಎಂಬ ಗುಂಡಿ ಇಲ್ಲ. ಹಾಗಾಗಿ ಲಕೋಟೆಯಲ್ಲಿ ಅಕ್ಷರ ಅಕ್ಷರ ಬಿಡಿಸಿ ಬರೆಯಿರಿ, ಎಲ್ಲ ಚಿಕ್ಕ ಅಕ್ಷರ, ಪದಗಳ ನಡುವೆ ಜಾಗ ಇದೆಯೋ ಇಲ್ಲವೋ ಅದನ್ನೂ ಸೇರಿಸಿ. ಯಾವ ಸಾಫ್ಟ್‌ವೇರ್, ಯಾವ ಫೈಲು, ಹೇಗೆ ತೆರೆಯುವುದು ಎಂದು ಕನ್ನಡದಲ್ಲಿ ನಾಲ್ಕು ಸಾಲು. ಕಂಪ್ಯೂಟರ್ 'ಫಾರ್ಮ್ಯಾಟ್ ಮಾಡಲೇ' ಎಂದರೆ ಬೇಡ ಎನ್ನಬೇಕು ಎಂದು ದೊಡ್ಡದಾಗಿ ಬರೆಯಿರಿ.

ಆಮೇಲೆ ಲಕೋಟೆ ಅಂಟಿಸುವ ಮೊದಲು, ನೀವು ಏನೂ ಹೇಳಿಕೊಡದೆ, ಮನೆಯವರ ಕೈಯಿಂದಲೇ ಒಂದು ಸಲ ತೆರೆಸಿ ನೋಡಿ.

ಸಾಗರದ_ಹುಡುಗ:

ವಾರದ ಕೊನೆಗೆ ಊರಿಗೆ ಹೋಗಿ ಬಂದೆ. ಪಕ್ಕದ ಮನೆಯ ಹುಡುಗನ ಲ್ಯಾಪ್‌ಟಾಪ್ ತಂದು ಅಮ್ಮನ ಮುಂದೆ ಇಟ್ಟೆ, ನಾನು ಜಗುಲಿಗೆ ಹೋಗಿ ಕೂತೆ. ಮೊದಲನೇ ಸಲ ಆಗಲಿಲ್ಲ. ನಾನು ಬರೆದ ಒಂದು ಅಕ್ಷರ ಎಲ್ ಎಂದು ಅಮ್ಮ ಓದಿದ್ದರು, ಅದು ಐ. ಹೊಸದಾಗಿ ಒಂದೊಂದೇ ಅಕ್ಷರ ಸ್ಪಷ್ಟವಾಗಿ ಬಿಡಿಸಿ ಬರೆದುಕೊಟ್ಟೆ. ಎರಡನೇ ಸಲ ಪೆಟ್ಟಿಗೆ ತೆರೆಯಿತು. ಕ್ರಯಪತ್ರ ನೋಡಿ ಮುಚ್ಚಿದರು. ಆಮೇಲೆ ಅವರೇ ಹುಡುಕಿಕೊಂಡು ಅಜ್ಜಿಯ ಹಾಡು ಹಾಕಿದರು, ಜಗುಲಿಗೆ ಕೇಳಿಸಿತು.

ಲಕೋಟೆ ಅಂಟಿಸಿ ಒಡವೆ ಡಬ್ಬದಲ್ಲಿ ಇಟ್ಟಾಯಿತು. ಒಂದು ಡಿಸ್ಕ್ ಸಿಲಿಕಾ ಜೆಲ್ ಜೊತೆ ಅಲ್ಲೇ ಬಿಟ್ಟು ಬಂದೆ.